ಗೆದ್ದ ಕಾರ್ಪೊರೇಟರ್ ಕೈಗೆ ಸೀಲ್ ಬರೋದು ಯಾವಾಗ? ಪಾಲಿಕೆಯ ಮೊದಲ ಸಭೆಯ ಲೆಕ್ಕ

ಈ ವಾರದ ಎಪಿಸೋಡ್ ಕೇಳೋಕೆ ಟೈಮ್ ಸಿಗದವರಿಗೆ, ಇಯರ್‌ಫೋನ್ ಮನೇಲಿ ಬಿಟ್ಟು ಬಸ್ ಹತ್ತಿದವರಿಗೆ, ಇದು ಅದರ ಬರಹ ರೂಪ. ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಹಾಕಿದ್ದೇನೆ.

ಒಂದು ಸಣ್ಣ ಘಟನೆಯಿಂದ ಶುರು ಮಾಡ್ತೀನಿ. ನಾನು ಬಾಡಿಗೆ ಮನೆ ಬದಲಿಸಿದ ಮೇಲೆ ಆಧಾರ್‌ನಲ್ಲಿ ವಿಳಾಸ ತಿದ್ದಿಸಬೇಕಿತ್ತು. ಅದಕ್ಕೊಂದು ನಮೂನೆ ಇದೆ, ಪಾಲಿಕೆ ಸದಸ್ಯರು ಸಹಿ ಮಾಡಿ ಸೀಲ್ ಒತ್ತಿಕೊಟ್ಟರೂ ನಡೀತದೆ. ನಮ್ಮ ವಾರ್ಡಿನಲ್ಲಿ ಗೆದ್ದವರು ಪರಿಚಯದವರೇ. ಚುನಾವಣೆ ಮುಗಿದು ತಿಂಗಳುಗಳಾಗಿದ್ದವು, ಗಲ್ಲಿ ತುದಿಯಲ್ಲಿ ಅವರ ಅಭಿನಂದನೆ ಬ್ಯಾನರ್ ಬಿಸಿಲಿಗೆ ಬಣ್ಣ ಬಿಟ್ಟಿತ್ತು. ಫಾರ್ಮ್ ಹಿಡ್ಕೊಂಡು ಹೋದೆ. "ಕಾಕಾ, ಒಂದು ಸಹಿ ಬೇಕಿತ್ರೀ" ಅಂದೆ. ಅವರು ಫಾರ್ಮ್ ತಿರುಗಿಸಿ ನೋಡಿ ನಕ್ಕರು. "ಸಹಿ ಎಷ್ಟ್ ಬೇಕಾದ್ರೂ ಹಾಕ್ತೀನಿ ತಮ್ಮಾ. ಸೀಲ್ ಎಲ್ಲಿಂದ ತರ್ಲಿ? ನಂದಿನ್ನೂ ಪ್ರಮಾಣವಚನಾನೇ ಆಗಿಲ್ಲ."

ಊರಿನ ಹೆಸರು ಬೇಡ. ಆದರೆ ಆ ಮಾತು ನನ್ನ ತಲೆಯಲ್ಲಿ ಕೂತುಬಿಡ್ತು. ಗೆದ್ದಿದ್ದಾರೆ, ಪ್ರಮಾಣಪತ್ರ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ, ಆದರೂ ಕಾರ್ಪೊರೇಟರ್ ಅಲ್ಲ. ಹಾಗಾದ್ರೆ ನಾನು ಹಾಕಿದ ಓಟು ಈಗ ಎಲ್ಲಿದೆ?

ನಾವೆಲ್ಲ ಎಣಿಕೆ ದಿನ ಲೈವ್ ನೋಡ್ತೀವಿ, ಗುಲಾಲು ಎರಚಿದ ರೀಲ್ಸ್ ನೋಡ್ತೀವಿ, ಅಲ್ಲಿಗೆ ಮುಗೀತು ಅಂದ್ಕೊಳ್ತೀವಿ. ನಿಜವಾಗಿ ಪಾಲಿಕೆ ಹುಟ್ಟೋದು ಮೊದಲ ಸಭೆಯ ದಿನ. ಕರ್ನಾಟಕದಲ್ಲಿ ಮಹಾನಗರ ಪಾಲಿಕೆಗಳಿಗೆ ಆ ಸಭೆ ಕರೆಯೋದು ಪ್ರಾದೇಶಿಕ ಆಯುಕ್ತರು. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ಹೀಗೆ ನಾಲ್ಕು ವಿಭಾಗಗಳಿಗೆ ಒಬ್ಬೊಬ್ಬರು ಇರ್ತಾರಲ್ಲ, ಆ ಐಎಎಸ್ ಅಧಿಕಾರಿ. ಮೇಯರ್ ಇನ್ನೂ ಇಲ್ಲವಾದ್ದರಿಂದ ಅವತ್ತು ಪೀಠದಲ್ಲಿ ಕೂರೋದೂ ಅವರೇ.

ಅವತ್ತು ನಡೆಯೋದು ಏನು ಅಂದ್ರೆ, ಮೊದಲು ಪ್ರಮಾಣವಚನ. ಕೆಲವರು ದೇವರ ಹೆಸರಲ್ಲಿ, ಕೆಲವರು ಸತ್ಯನಿಷ್ಠೆಯ ಹೆಸರಲ್ಲಿ. ಸಂವಿಧಾನಕ್ಕೆ ನಿಷ್ಠೆ, ಕೆಲಸಕ್ಕೆ ಶ್ರದ್ಧೆ, ಇಷ್ಟೇ ಅದರ ಸಾರ. ಇದು ಬರೀ ಶಾಸ್ತ್ರ ಅಂತ ನಾನೂ ಅಂದ್ಕೊಂಡಿದ್ದೆ. ಅಲ್ಲ. ಪ್ರಮಾಣ ತಗೊಳ್ಳದ ಸದಸ್ಯ ಸಭೆಯಲ್ಲಿ ಮತ ಹಾಕುವಂತಿಲ್ಲ. ಆಮೇಲೆ ಮೇಯರ್, ಉಪಮೇಯರ್ ಆಯ್ಕೆ. ನಾಮಪತ್ರ, ಪರಿಶೀಲನೆ, ವಾಪಸ್ ಪಡೆಯೋಕೆ ಸ್ವಲ್ಪ ಸಮಯ, ನಂತರ ಮತದಾನ. ಗುಪ್ತ ಮತದಾನ ಅಲ್ಲ, ಕೈ ಎತ್ತೋದು. ಅಧಿಕಾರಿಗಳು ಸಾಲು ಸಾಲಾಗಿ ಎಣಿಸ್ತಾರೆ. ಯಾರು ಯಾರ ಪರ ಅನ್ನೋದು ಎಲ್ಲರ ಕಣ್ಣೆದುರಿಗೇ ಇರ್ತದೆ. ಹಾಗಾಗಿಯೇ ಮೇಯರ್ ಚುನಾವಣೆ ಹತ್ತಿರ ಬಂದ್ರೆ ಕಾರ್ಪೊರೇಟರ್‌ಗಳು ಇದ್ದಕ್ಕಿದ್ದಂತೆ ರೆಸಾರ್ಟ್‌ಗೆ 'ಪ್ರವಾಸ' ಹೋಗೋದು.

ಇಲ್ಲಿ ಗೊತ್ತಿರಬೇಕಾದ ಒಂದು ವಿಷಯ: ಕೈ ಎತ್ತೋರು ನಾವು ಆರಿಸಿದ ಕಾರ್ಪೊರೇಟರ್‌ಗಳು ಮಾತ್ರ ಅಲ್ಲ. ಆ ನಗರದ ಶಾಸಕರು, ಸಂಸದರಿಗೂ ಮತ ಇದೆ. ಆ ನಗರದ ಮತದಾರರ ಪಟ್ಟಿಯಲ್ಲಿ ಹೆಸರಿರುವ ವಿಧಾನ ಪರಿಷತ್ ಸದಸ್ಯರು, ರಾಜ್ಯಸಭಾ ಸದಸ್ಯರಿಗೂ ಇದೆ. 2015ರಲ್ಲಿ ಬಿಬಿಎಂಪಿಯ 198 ವಾರ್ಡುಗಳಲ್ಲಿ ಬಿಜೆಪಿ 100 ಗೆದ್ದಿತ್ತು. ಮೇಯರ್ ಆದದ್ದು ಕಾಂಗ್ರೆಸ್‌ನವರು, ಜೆಡಿಎಸ್ ಮತ್ತು ಪಕ್ಷೇತರರ ಜೊತೆ ಈ ಹೊರಗಿನ ಮತಗಳನ್ನೂ ಕೂಡಿಸಿಕೊಂಡು. 2021ರಲ್ಲಿ ಕಲಬುರಗಿಯ 55 ವಾರ್ಡುಗಳಲ್ಲಿ ಕಾಂಗ್ರೆಸ್ 27 ಗೆದ್ದು ದೊಡ್ಡ ಪಕ್ಷ ಆಯ್ತು. ಮೇಯರ್ ಆದದ್ದು ಬಿಜೆಪಿಯವರು. ಎರಡೂ ಕಡೆಯವರಿಗೆ ಈ ಲೆಕ್ಕ ಚೆನ್ನಾಗಿ ಬರ್ತದೆ. ಓಟು ಹಾಕೋ ನಮಗೆ ಮಾತ್ರ ಗೊತ್ತಿರಲ್ಲ.

ಈಗ ಗಡಿಯಾರದ ವಿಷಯಕ್ಕೆ ಬರೋಣ. ನನಗೆ ಅತಿ ಕುತೂಹಲ ಹುಟ್ಟಿಸಿದ್ದು ಇದೇ.

ಪಾಲಿಕೆಯ ಅವಧಿ 5 ವರ್ಷ. ಯಾವತ್ತಿಂದ 5 ವರ್ಷ? ಓಟು ಹಾಕಿದ ದಿನದಿಂದಲಾ, ಫಲಿತಾಂಶದಿಂದಲಾ? ಎರಡೂ ಅಲ್ಲ. ಸಂವಿಧಾನದ 243ಯು ವಿಧಿ ಹೇಳೋದು, ಮೊದಲ ಸಭೆಗೆ ನಿಗದಿಯಾದ ದಿನದಿಂದ 5 ವರ್ಷ. 2015ರ ಬೆಂಗಳೂರನ್ನೇ ತಗೊಳ್ಳಿ. ಮತದಾನ ಆಗಸ್ಟ್ 22ಕ್ಕೆ. ಮೇಯರ್ ಆಯ್ಕೆ ಸೆಪ್ಟೆಂಬರ್ 11ಕ್ಕೆ. ಆ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಲೆಕ್ಕ ಸರಿಯಾಗಿದೆ. ಓಟಿಗೂ ಸಭೆಗೂ ನಡುವೆ ಮೂರೇ ವಾರ, ಅಂದ್ರೆ ಮನಸ್ಸು ಮಾಡಿದ್ರೆ ಆಗ್ತದೆ. (ಅದಾದ ಮೇಲೆ ಬೆಂಗಳೂರಲ್ಲಿ ವರ್ಷಗಟ್ಟಲೆ ಚುನಾವಣೆಯೇ ನಡೀಲಿಲ್ಲ. ಅದು ಬೇರೆಯದೇ ಕಥೆ, ಅದಕ್ಕೆ ಇನ್ನೊಂದು ಎಪಿಸೋಡ್ ಬೇಕು.)

ಈಗ ಬೆಳಗಾವಿ ನೋಡಿ. 2021ರ ಸೆಪ್ಟೆಂಬರ್ 3ಕ್ಕೆ ಮತದಾನ, 6ಕ್ಕೆ ಎಣಿಕೆ. 58 ವಾರ್ಡು. ಅಲ್ಲಿ ಪಕ್ಷದ ಚಿಹ್ನೆ ಮೇಲೆ ನಡೆದ ಮೊದಲ ಪಾಲಿಕೆ ಚುನಾವಣೆ ಅದು, ಬಿಜೆಪಿಗೆ 35 ಸೀಟು, ಸ್ಪಷ್ಟ ಬಹುಮತ. ಗೊಂದಲಕ್ಕೆ ಜಾಗವೇ ಇಲ್ಲ ಅನ್ನಿಸ್ತದೆ. ಮೇಯರ್ ಆಯ್ಕೆ ಆದದ್ದು 2023ರ ಫೆಬ್ರವರಿ 6ಕ್ಕೆ. ಎಣಿಕೆಯಿಂದ ಸರಿಯಾಗಿ 17 ತಿಂಗಳು. ಅದೇ ದಿನ ಮತದಾನ ಆಗಿದ್ದ ಹುಬ್ಬಳ್ಳಿ-ಧಾರವಾಡದ 82 ಸದಸ್ಯರ ಪಾಲಿಕೆಗೆ ಮೇಯರ್ ಬಂದದ್ದು 2022ರ ಮೇ 28ಕ್ಕೆ, ಹತ್ತಿರ ಹತ್ತಿರ 9 ತಿಂಗಳು. ಕಲಬುರಗಿಗೆ 2023ರ ಮಾರ್ಚ್‌ನಲ್ಲಿ, ಒಂದೂವರೆ ವರ್ಷ.

ಬೆಳಗಾವಿಯ 5 ವರ್ಷ ಶುರುವಾಗಿದ್ದು 2023ರ ಫೆಬ್ರವರಿಯಿಂದ, ಮುಗಿಯೋದು 2028ರ ಫೆಬ್ರವರಿಗೆ. ಅಂದ್ರೆ 2021ರಲ್ಲಿ ಒತ್ತಿದ ಬಟನ್‌ಗೆ ಹತ್ತಿರ ಆರೂವರೆ ವರ್ಷ ಆಯಸ್ಸು. ಮತದಾನ ಮುಗಿದ ಮುಂದಿನ ತಿಂಗಳು 18 ತುಂಬಿದ ಒಬ್ಬ ಹುಡುಗಿಯನ್ನ ಊಹಿಸಿಕೊಳ್ಳಿ. ತನ್ನ ವಾರ್ಡಿನ ಸದಸ್ಯರನ್ನ ಆರಿಸೋ ಮೊದಲ ಸರದಿ ಬರುವಾಗ ಅವಳಿಗೆ 24. ಡಿಗ್ರಿ ಮುಗಿಸಿ, ಕೆಲಸಕ್ಕೆ ಸೇರಿ, ಬಹುಶಃ ಊರೇ ಬಿಟ್ಟಿರ್ತಾಳೆ.

ಸಣ್ಣ ಊರುಗಳ ಕಥೆ ಇದಕ್ಕಿಂತ ಜೋರು. 2018ರ ಆಗಸ್ಟ್ 31ಕ್ಕೆ ರಾಜ್ಯದ ನೂರಕ್ಕೂ ಹೆಚ್ಚು ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಮತದಾನ ಆಯ್ತು. ಅವುಗಳಿಗೆ ಅಧ್ಯಕ್ಷರು ಬಂದದ್ದು 2020ರ ಕೊನೆಗೆ. ಎರಡು ವರ್ಷದ ಮೇಲೆ! ಹಾಗಾಗಿ 2018ರ ಓಟು 2025ರ ತನಕ ಓಡಿತು.

ಯಾಕೆ ಹೀಗೆ ಅಂದ್ರೆ, ಹೆಚ್ಚಿನ ಸಲ ಉತ್ತರ ಒಂದೇ: ಮೀಸಲಾತಿ ಪಟ್ಟಿ. ವಾರ್ಡುಗಳಿಗೆ ಮೀಸಲಾತಿ ಇರೋ ಹಾಗೆ ಮೇಯರ್, ಅಧ್ಯಕ್ಷ ಹುದ್ದೆಗಳಿಗೂ ಇದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಸಾಮಾನ್ಯ, ಅದರೊಳಗೆ ಮಹಿಳೆಯರಿಗೆ, ಹೀಗೆ ಊರಿಂದ ಊರಿಗೆ, ಅವಧಿಯಿಂದ ಅವಧಿಗೆ ಸುತ್ತಬೇಕು. ಈ ಸಲ ಯಾವ ಊರಿಗೆ ಯಾವ ವರ್ಗ ಅನ್ನೋದನ್ನ ಸರ್ಕಾರ ಅಧಿಸೂಚನೆ ಹೊರಡಿಸಿ ಹೇಳ್ತದೆ. ಅದು ಬರೋ ತನಕ ಯಾರು ನಿಲ್ಲಬಹುದು ಅಂತ್ಲೇ ಗೊತ್ತಿರಲ್ಲ, ಚುನಾವಣೆ ಮಾಡೋದಾದ್ರೂ ಹೇಗೆ? ಬಂದ ಮೇಲೆ 'ಸರದಿ ತಪ್ಪಿದೆ, ಹೋದ ಸಲವೂ ಇದೇ ವರ್ಗಕ್ಕೆ ಕೊಟ್ಟಿದ್ರು' ಅಂತ ಯಾರೋ ಹೈಕೋರ್ಟಿಗೆ ಹೋಗ್ತಾರೆ. ತಡೆಯಾಜ್ಞೆ, ಹೊಸ ಪಟ್ಟಿ, ಮತ್ತೆ ಅರ್ಜಿ. 2018ರ ಊರುಗಳಲ್ಲಿ ಆದದ್ದು ಇದೇ. ಮೊದಲ 30 ತಿಂಗಳ ಅಧ್ಯಕ್ಷರ ಅವಧಿ 2023ರಲ್ಲಿ ಮುಗಿದಾಗ ಮತ್ತದೇ ಹಾಡು. ಎರಡನೇ ಅವಧಿಯ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ.

ಇಲ್ಲಿ ಯಾರೂ ತಪ್ಪು ತಿಳ್ಕೋಬೇಡಿ. ತೊಂದರೆ ಮೀಸಲಾತಿಯದಲ್ಲ. ಆ ಸರದಿ ಇಲ್ಲದಿದ್ರೆ ಆ ಕುರ್ಚಿ ಹತ್ತಿರಕ್ಕೂ ಬರಲಾಗದ ಎಷ್ಟೋ ಮಂದಿ ಅದರಿಂದಲೇ ಬಂದಿದ್ದಾರೆ. ತೊಂದರೆ ಇರೋದು ಪಟ್ಟಿಯನ್ನ ಮತದಾನಕ್ಕೆ ಮುಂಚೆಯೇ, ಆಕ್ಷೇಪಣೆ ಕೇಳಿ, ಮುಗಿಸಿ ಇಟ್ಟುಕೊಳ್ಳದೇ ಇರೋದ್ರಲ್ಲಿ.

ನಾನು ಓದಿದ್ದು ಬಿ.ಕಾಂ. ಕಂಪನಿ ಕಾನೂನು ಪೇಪರ್‌ನಲ್ಲಿ ಕಷ್ಟಪಟ್ಟು ಪಾಸಾದವನು, ಆದರೂ ಒಂದು ನೆನಪಿದೆ: ಕಂಪನಿ ನೋಂದಣಿಯಾದ 30 ದಿನದೊಳಗೆ ಮೊದಲ ಬೋರ್ಡ್ ಮೀಟಿಂಗ್ ನಡೀಬೇಕು. ಮೂರು ಮಂದಿ ಸೇರಿ ಉಪ್ಪಿನಕಾಯಿ ಮಾರೋ ಪ್ರೈವೇಟ್ ಲಿಮಿಟೆಡ್‌ಗೂ ಈ ಗಡುವು ಇದೆ. ಹಳೇ ಕೌನ್ಸಿಲ್ ಅವಧಿ ಮುಗಿಯೋದ್ರೊಳಗೆ ಚುನಾವಣೆ ಆಗಬೇಕು ಅಂತ ಸಂವಿಧಾನ ಗಡುವು ಹಾಕಿದೆ. ಆದರೆ ಗೆದ್ದವರನ್ನ ಇಂತಿಷ್ಟು ದಿನದಲ್ಲಿ ಕೂರಿಸಬೇಕು ಅನ್ನೋ ಗಡುವು ಅದೇ ವಿಧಿಯಲ್ಲಿ ಇಲ್ಲ. ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟ ಹಾಗೆ.

ಇನ್ನೊಂದು ಗಮನಿಸಿ. ತಡವಾದ್ರೆ ನಷ್ಟ ಯಾರಿಗೆ? ಗಡಿಯಾರ ಶುರುವಾಗದ ಕಾರಣ ಗೆದ್ದವರ 5 ವರ್ಷದಲ್ಲಿ ಒಂದು ದಿನವೂ ಕಮ್ಮಿಯಾಗಲ್ಲ. ಸಭೆ ಕರೀರಿ ಅಂತ ಪ್ರತಿಭಟನೆ ಮಾಡಿದವರೂ ಇದ್ದಾರೆ, ಇಲ್ಲ ಅನ್ನಲ್ಲ. ಸರ್ಕಾರಕ್ಕಂತೂ ಅವಸರ ಇರಲ್ಲ, ಪಾಲಿಕೆಯಲ್ಲಿ ಆಡಳಿತಾಧಿಕಾರಿ ಇರ್ತಾರೆ. ಅವರು ಒಳ್ಳೆಯ ಅಧಿಕಾರಿಯೇ ಇರಬಹುದು. ಆದರೆ ಬಜೆಟ್ ಮಂಜೂರಾತಿ, ಆಸ್ತಿ ತೆರಿಗೆ ದರ, ಟೆಂಡರ್, ಇವನ್ನೆಲ್ಲ ಕೌನ್ಸಿಲ್‌ನಲ್ಲಿ ಎದ್ದು ನಿಂತು 'ಇದ್ಯಾಕೆ ಹೀಗೆ' ಅಂತ ಕೇಳೋರು ಇರಲ್ಲ. ಒಬ್ಬರೇ ಪ್ರಸ್ತಾವ ನೋಡಿ, ಒಬ್ಬರೇ ಒಪ್ಪಿಗೆ ಕೊಡೋ ವ್ಯವಸ್ಥೆ. ಆಡಿಟ್ ಓದಿದ ಯಾರಿಗಾದ್ರೂ ಇದು ಹೊಟ್ಟೆಯಲ್ಲಿ ಚುಳ್ ಅನ್ನಿಸ್ತದೆ. ಬೆಳಗಾವಿಯಲ್ಲಿ ಹಿಂದಿನ ಕೌನ್ಸಿಲ್ ಮುಗಿದದ್ದು 2019ರ ಮಾರ್ಚ್‌ನಲ್ಲಿ. ಹೊಸದು ಕೂತದ್ದು 2023ರ ಫೆಬ್ರವರಿಯಲ್ಲಿ. ನಾಲ್ಕು ವರ್ಷಕ್ಕೆ ಒಂದೇ ತಿಂಗಳು ಕಮ್ಮಿ. ಕೋವಿಡ್ ಬಂದು ಹೋದದ್ದೂ ಇದರ ನಡುವೆಯೇ.

ತಡ ಆದಷ್ಟೂ ಕೈಗಳ ಲೆಕ್ಕ ಬದಲಾಗೋಕೂ ಜಾಗ ಸಿಗ್ತದೆ. ವಿಜಯಪುರದಲ್ಲಿ 2022ರ ಅಕ್ಟೋಬರ್‌ನಲ್ಲಿ 35 ವಾರ್ಡುಗಳಿಗೆ ಚುನಾವಣೆ, ಬಿಜೆಪಿ 17, ಕಾಂಗ್ರೆಸ್ 10. ಮೇಯರ್ ಚುನಾವಣೆ ನಡೆದದ್ದು 2024ರ ಜನವರಿಯಲ್ಲಿ. ಅಷ್ಟರಲ್ಲಿ ವಿಧಾನಸಭಾ ಚುನಾವಣೆ ಮುಗಿದು, ರಾಜ್ಯದಲ್ಲಿ ಸರ್ಕಾರವೇ ಬದಲಾಗಿತ್ತು. ಮೇಯರ್ ಸ್ಥಾನ ಕಾಂಗ್ರೆಸ್‌ಗೆ ಹೋಯ್ತು. ನಿಯಮ ಪ್ರಕಾರವೇ ಆಗಿದೆ, ತಕರಾರಿಲ್ಲ. ಆದರೆ ಅದೇ ಸಭೆ ಫಲಿತಾಂಶದ ಮುಂದಿನ ತಿಂಗಳೇ ನಡೆದಿದ್ದರೆ ಎಷ್ಟು ಕೈ ಯಾವ ಕಡೆ ಏಳ್ತಿದ್ವು? ಹೇಳೋಕೆ ಆಗಲ್ಲ. ಹೇಳೋಕೆ ಆಗಲ್ಲ ಅನ್ನೋದೇ ನನ್ನ ತಕರಾರು.

ಸಭೆ ನಡೆದ ಮೇಲಿನದ್ದು ಬೇಗ ಹೇಳಿಬಿಡ್ತೀನಿ. ಈ ಪಾಲಿಕೆಗಳಲ್ಲಿ ಮೇಯರ್ ಅವಧಿ ಒಂದೇ ವರ್ಷ. ಗೌನ್ ಹಾಕ್ಕೊಂಡು ಫೋಟೋ ತೆಗೆಸಿಕೊಳ್ಳೋದ್ರೊಳಗೆ ಮೂರು ತಿಂಗಳು ಹೋಗಿರ್ತದೆ ಅಂತ ತಮಾಷೆ ಮಾಡ್ತಾರೆ. (ಹುಬ್ಬಳ್ಳಿ-ಧಾರವಾಡದಲ್ಲಿ 2022ರಲ್ಲಿ ಬಂದ ಮೇಯರ್, ಇದು ಬ್ರಿಟಿಷರ ಕಾಲದ್ದು ಅಂತ ಆ ಗೌನೇ ಬೇಡ ಅಂದಿದ್ರು.) ದಿನದಿನದ ಆಡಳಿತ ಆಯುಕ್ತರ ಕೈಯಲ್ಲೇ ಉಳೀತದೆ. ಕೆಲಸ ನಿಜಕ್ಕೂ ನಡೆಯೋದು ಸ್ಥಾಯಿ ಸಮಿತಿಗಳಲ್ಲಿ: ತೆರಿಗೆ ಮತ್ತು ಹಣಕಾಸು, ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ. ಅವುಗಳ ಸದಸ್ಯರ ಆಯ್ಕೆ ಕೆಲವೊಮ್ಮೆ ಅದೇ ದಿನ, ಬಹಳ ಸಲ ಬೇರೆ ದಿನ. ಅಲ್ಲಿ ನಿಮ್ಮ ವಾರ್ಡಿನವರು ಯಾವ ಸಮಿತಿಗೆ ಹೋದ್ರು ಅಂತ ನೋಡಿ. ಮೇಯರ್ ಯಾರು ಅನ್ನೋದಕ್ಕಿಂತ ನಿಮ್ಮ ಚರಂಡಿಗೆ ಅದು ಮುಖ್ಯ.

ನಿಮ್ಮೂರಲ್ಲಿ ಮುಂದೆ ಚುನಾವಣೆ ಬಂದಾಗ ಅಭ್ಯರ್ಥಿಗಳು ಮನೆಗೆ ಬರ್ತಾರಲ್ಲ, ರಸ್ತೆ, ನೀರು ಕೇಳಿದ ಮೇಲೆ ಇದನ್ನೂ ಕೇಳಿ: ಮೇಯರ್ ಮೀಸಲಾತಿ ಪಟ್ಟಿ ಹೊರಬಿದ್ದಿದೆಯಾ? ಕೋರ್ಟಲ್ಲಿ ಅರ್ಜಿ ಇದೆಯಾ? ಎಣಿಕೆ ಮುಗಿದ ಮೇಲೆ ಕ್ಯಾಲೆಂಡರ್‌ನಲ್ಲಿ ಒಂದು ಗುರುತು ಹಾಕಿಟ್ಟು, ತಿಂಗಳಿಗೊಮ್ಮೆ ಎಣಿಸಿ.

ನಮ್ಮ ಕಾಕಾ ಕಥೆ ಬಾಕಿ ಇದೆ. ಅವರ ಪ್ರಮಾಣವಚನದ ದಿನ ಫೋನ್ ಮಾಡಿದ್ರು. ಹಿಂದೆ ಪಟಾಕಿ ಸದ್ದು, ಸರಿಯಾಗಿ ಕೇಳಿಸ್ತಿರಲಿಲ್ಲ. "ತಮ್ಮಾ, ಸೀಲ್ ಮಾಡ್ಸಾಕ ಕೊಟ್ಟೀನಿ. ನಿನ್ನ ಫಾರ್ಮ್ ತಗೊಂಡ್ ಬಾ." ನಾನು ಆ ಮನೆ ಖಾಲಿ ಮಾಡಿ ಬೇರೆ ವಾರ್ಡಿಗೆ ಬಂದಿದ್ದೆ.

ಮುಂದಿನ ವಾರ ಸ್ಥಾಯಿ ಸಮಿತಿಗಳ ಬಗ್ಗೆ ಮಾತಾಡೋಣ. ನಿಮ್ಮೂರಲ್ಲಿ ಎಷ್ಟು ತಿಂಗಳು ಕಾದ್ರಿ ಅಂತ ವಾಯ್ಸ್ ನೋಟ್ ಕಳಿಸಿ.