ಗಾಳಿ ಬಂದಾಗ ಸುತ್ತಿಕೋ: ಕ್ಯಾಂಪರ್ ವ್ಯಾನಿನ ಆನಿಂಗ್ ಬಗ್ಗೆ ಒಂದಿಷ್ಟು

ಮೇ ತಿಂಗಳು ಬಂತೆಂದರೆ ಶಿಕಾಗೋ ಕಡೆಯ ನೇಪರ್‌ವಿಲ್, ಶಾಂಬರ್ಗ್‌ಗಳಲ್ಲೂ ಡೆಟ್ರಾಯಿಟ್ ಕಡೆಯ ನೋವೈ, ಕ್ಯಾಂಟನ್, ಟ್ರಾಯ್‌ಗಳಲ್ಲೂ ನಮ್ಮ ಹುಡುಗ ಹುಡುಗಿಯರ ನಡುವೆ ವ್ಯಾನ್ ಪ್ರವಾಸದ ಮಾತು ಶುರುವಾಗುತ್ತದೆ. ಕೆಲವರು ಕ್ಯಾಂಪರ್ ವ್ಯಾನ್ ಬಾಡಿಗೆಗೆ ತರುತ್ತಾರೆ. ಕೆಲವರು ಹಳೆಯ ಫೋರ್ಡ್ ಟ್ರಾನ್ಸಿಟ್ಟನ್ನೋ ರ್‍ಯಾಮ್ ಪ್ರೋಮಾಸ್ಟರನ್ನೋ ಕೊಂಡು, ಒಳಗೆ ತಾವೇ ಮಂಚ, ಕಪಾಟು ಕೂರಿಸುತ್ತಾರೆ. ಬೇಸಿಗೆಗೆ ಊರಿಂದ ಅಜ್ಜಿ ತಾತ ಬಂದಿದ್ದರೆ ಅವರೂ ಜೊತೆಗೆ ಹೊರಡುತ್ತಾರೆ. ಕ್ಯಾಂಪ್ ತಲುಪಿದ ಮೇಲೆ ಎಲ್ಲರೂ ವ್ಯಾನಿನೊಳಗೆ ಕೂರುವುದಕ್ಕಾಗುವುದಿಲ್ಲ. ಹೊರಗೆ ಕುರ್ಚಿ ಹಾಕಬೇಕು, ಕುರ್ಚಿಗೆ ನೆರಳು ಬೇಕು. ಅಲ್ಲಿಗೆ ಆನಿಂಗಿನ ಪ್ರಶ್ನೆ ಬರುತ್ತದೆ: ಯಾವುದು ತಗೊಳ್ಳಬೇಕು, ಹೇಗೆ ಬಳಸಬೇಕು?

ಆನಿಂಗ್ ಅಂದರೆ ವ್ಯಾನಿನ ಪಕ್ಕದಲ್ಲಿ ಸುರುಳಿ ಸುತ್ತಿಟ್ಟು, ಬೇಕಾದಾಗ ಬಿಚ್ಚಿ ಹೊರಗೆ ಚಾಚುವ ಬಟ್ಟೆಯ ಮಾಡು. ನಮ್ಮ ಭಾಷೆಯಲ್ಲಿ ಅದಕ್ಕೆ ಹತ್ತಿರದ ಮಾತು ಚಪ್ಪರ. ಮನೆಯಲ್ಲಿ ಅಪ್ಪ ಅಮ್ಮನನ್ನು ಕೇಳಿ ನೋಡಿ. ಊರಲ್ಲಿ ಮದುವೆ ಬಂದರೆ ಅಂಗಳದಲ್ಲಿ ಕಂಬ ನೆಟ್ಟು, ಮೇಲೆ ತೆಂಗಿನ ಗರಿ ಹೊದಿಸಿ ಚಪ್ಪರ ಹಾಕುತ್ತಿದ್ದರು. ಆ ಚಪ್ಪರದ ಕಂಬಗಳು ನೆಲದಲ್ಲಿ ಆಳವಾಗಿ ಹೂತಿರುತ್ತವೆ. ಗರಿಗಳ ಸಂದಿಯಲ್ಲಿ ಗಾಳಿ ನುಸುಳಿ ಹೋಗುತ್ತದೆ. ಆನಿಂಗ್ ಹಾಗಲ್ಲ. ಅದರ ಬಟ್ಟೆ ಗಾಳಿಗೆ ದಾರಿ ಬಿಡುವುದಿಲ್ಲ. ಅದರ ಕಾಲುಗಳು ನೆಲದ ಮೇಲೆ ಸುಮ್ಮನೆ ನಿಂತಿರುತ್ತವೆ. ಆದ್ದರಿಂದ ಗಾಳಿಯ ಮುಂದೆ ಅದು ಚಪ್ಪರಕ್ಕಿಂತ ಹಡಗಿನ ಹಾಯಿಯ ಹಾಗೆ ವರ್ತಿಸುತ್ತದೆ.

ಇವತ್ತಿನ ಮಾತಿನಲ್ಲಿ ನೆನಪಿಡಬೇಕಾದ್ದು ಇದೊಂದೇ: ಆನಿಂಗ್ ನೆರಳಿಗೆ, ಬಿರುಗಾಳಿಯಲ್ಲಿ ಆಶ್ರಯಕ್ಕಲ್ಲ. ಬಿಚ್ಚುವುದು ಯಾರಿಗಾದರೂ ಬರುತ್ತದೆ. ಯಾವಾಗ ಸುತ್ತಿಡಬೇಕು ಎಂಬುದನ್ನು ಕಲಿಯಬೇಕು.

ಮೊದಲು ಗಾಳಿಯ ಲೆಕ್ಕ ನೋಡೋಣ. ವೇಗ ಎರಡರಷ್ಟಾದರೆ ಗಾಳಿಯ ಒತ್ತಡ ನಾಲ್ಕರಷ್ಟಾಗುತ್ತದೆ. 10 ಅಡಿ ಉದ್ದ, 8 ಅಡಿ ಚಾಚು ಇರುವ ಆನಿಂಗ್ ಅಂದುಕೊಳ್ಳಿ, ಒಟ್ಟು 80 ಚದರಡಿ ಬಟ್ಟೆ. ಗಂಟೆಗೆ 10 ಮೈಲಿಯ ಗಾಳಿ ಅದಕ್ಕೆ ನೇರವಾಗಿ ಬಡಿದರೆ ಸುಮಾರು 20 ಪೌಂಡ್ ಬಲ ಬೀಳುತ್ತದೆ. 20 ಮೈಲಿಗೆ 80 ಪೌಂಡ್, 30 ಮೈಲಿಗೆ 185, 40 ಮೈಲಿಗೆ ಸುಮಾರು 330. ಹೋಮ್ ಡಿಪೋದಲ್ಲಿ ಸಿಗುವ 5 ಗ್ಯಾಲನ್ ಬಕೆಟ್ ತುಂಬ ನೀರು ಹಿಡಿದರೆ ತೂಕ ಸುಮಾರು 42 ಪೌಂಡ್. ಅಂದರೆ ಎರಡು ಕಾಲಿಗೆ ಎರಡು ತುಂಬಿದ ಬಕೆಟ್ ಕಟ್ಟಿದರೂ, 20 ಮೈಲಿಯ ಗಾಳಿ ಬಟ್ಟೆಯ ಕೆಳಗೆ ನೇರವಾಗಿ ನುಗ್ಗಿದರೆ ಅಲ್ಲಿಗಲ್ಲಿಗೆ ಸಮ. ಅದಕ್ಕಿಂತ ಜೋರಾದರೆ ಆನಿಂಗ್ ಮೇಲಕ್ಕೆದ್ದು ವ್ಯಾನಿನ ತಲೆಯ ಮೇಲೆ ಮಗುಚಿಕೊಳ್ಳಬಹುದು. ಆಗ ಕಬ್ಬಿಣ, ಅಲ್ಯುಮಿನಿಯಮ್ ಕಾಲುಗಳು ಎತ್ತ ಬೀಸುತ್ತವೆ ಎಂದು ಹೇಳಲಾಗದು. ಕೆಳಗೆ ಕೂತವರು ಅಜ್ಜಿಯಾಗಿರಬಹುದು, ಆಡುವ ಮಗುವಾಗಿರಬಹುದು.

ನಮ್ಮಲ್ಲಿ ಒಂದು ಗಾದೆ ಇದೆ: ಗಾಳಿ ಬಂದಾಗ ತೂರಿಕೋ. ಕಣದಲ್ಲಿ ರಾಶಿ ಮಾಡುವ ರೈತ ಗಾಳಿ ಬೀಸುವಾಗಲೇ ಕಾಳು ತೂರಬೇಕು, ಆಗ ಹೊಟ್ಟು ಹಾರಿ ಕಾಳು ಉಳಿಯುತ್ತದೆ ಎಂದು ಅದರ ಅರ್ಥ. ಆನಿಂಗ್ ಇರುವವರು ಗಾದೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕು: ಗಾಳಿ ಬಂದಾಗ ಸುತ್ತಿಕೋ.

ನ್ಯಾಷನಲ್ ವೆದರ್ ಸರ್ವಿಸ್‌ನ ತಾಣದಲ್ಲಿ ಕ್ಯಾಂಪಿನ ಜಾಗಕ್ಕೆ ಗಂಟೆಗಂಟೆಯ ಮುನ್ಸೂಚನೆ ಸಿಗುತ್ತದೆ. ಅದರಲ್ಲಿ ಸರಾಸರಿ ಗಾಳಿಯ ಜೊತೆಗೆ ‘ಗಸ್ಟ್’ ಎಂಬ ಇನ್ನೊಂದು ಅಂಕಿ ಇರುತ್ತದೆ, ಅಂದರೆ ಥಟ್ಟನೆ ಬೀಸುವ ರಭಸ. ಆನಿಂಗ್ ಮುರಿಯುವುದು ಸರಾಸರಿ ಗಾಳಿಗಲ್ಲ, ಈ ಗಸ್ಟಿಗೆ. ಅದು 20 ಮೈಲಿ ಮುಟ್ಟುವ ಹಾಗಿದ್ದರೆ ಬಿಚ್ಚಲೇಬೇಡಿ. ಮಲಗುವ ಮುನ್ನ ಸುತ್ತಿಡಿ. ಎಲ್ಲರೂ ನೀರಿಗೆ ಹೊರಟರೆ, ಆಗಲೂ ಸುತ್ತಿಡಿ.

ಮಿಡ್‌ವೆಸ್ಟ್‌ನ ಗುಡುಗುಮಳೆಯಲ್ಲಿ ಇನ್ನೊಂದು ಗುಣ ಇದೆ. ಮಳೆಗಿಂತ ಮೊದಲು ಗಾಳಿ ಬರುತ್ತದೆ. ಮೋಡದಿಂದ ಕೆಳಗೆ ಬಿದ್ದ ತಣ್ಣನೆಯ ಗಾಳಿ ನೆಲದ ಮೇಲೆ ಹರಡಿಕೊಂಡು ಮಳೆಗಿಂತ ಮುಂದೆ ಓಡುತ್ತದೆ. ‘ನಾಲ್ಕು ಹನಿ ಬೀಳಲಿ, ಆಮೇಲೆ ಸುತ್ತಿದರಾಯಿತು’ ಎಂದು ಕೂತರೆ ಹೊತ್ತು ಮೀರಿರುತ್ತದೆ. ಸೆಖೆಯ ನಡುವೆ ಥಟ್ಟನೆ ತಣ್ಣಗಾದರೆ ಅದೇ ಸೂಚನೆ. 2020ರ ಆಗಸ್ಟ್ 10ರಂದು ಬೀಸಿದ ಡೆರೇಚೋ ಬಿರುಗಾಳಿ ಹಗಲಿನಲ್ಲಿ ಅಯೋವಾ ರಾಜ್ಯವನ್ನು ಸೀಳಿಕೊಂಡು, ಅದೇ ಮಧ್ಯಾಹ್ನ ಶಿಕಾಗೋ ಮುಟ್ಟಿತ್ತು. ಗಂಟೆಗೆ 58 ಮೈಲಿ ಗಾಳಿಯ ಸಾಧ್ಯತೆ ಇದ್ದರೆ ತೀವ್ರ ಗುಡುಗುಮಳೆಯ ಎಚ್ಚರಿಕೆ ಕೊಡುತ್ತಾರೆ. ಆ ಗಾಳಿಗೆ ನಮ್ಮ 80 ಚದರಡಿಯ ಮೇಲೆ ಬೀಳುವ ಬಲ ಸುಮಾರು 690 ಪೌಂಡ್. ಫೋನಿನಲ್ಲಿ ಆ ಎಚ್ಚರಿಕೆ ಬಂದ ಹೊತ್ತಿಗೆ ಆನಿಂಗ್ ಒಳಗಿರಬೇಕು, ಜನ ಗಟ್ಟಿ ಕಟ್ಟಡದಲ್ಲಿರಬೇಕು. ಕಟ್ಟಡ ಹತ್ತಿರ ಇಲ್ಲದಿದ್ದರೆ ಮರಗಳಿಂದ ದೂರ ನಿಲ್ಲಿಸಿದ ವ್ಯಾನಿನೊಳಗಿರಬೇಕು.

ಇನ್ನು ಬಿಸಿಲು. ಇಲ್ಲಿ ಮಿಶಿಗನ್ ಸರೋವರದ ಎರಡು ದಡಗಳಿಗೆ ಎರಡು ಲೆಕ್ಕ. ಡೆಟ್ರಾಯಿಟ್‌ನವರು ಪಶ್ಚಿಮಕ್ಕೆ ಹೊರಟು ಲಡಿಂಗ್ಟನ್ನಿಗೋ, ಸ್ಲೀಪಿಂಗ್ ಬೇರ್ ಮರಳುದಿಬ್ಬಗಳಿಗೋ ಹೋಗುತ್ತಾರೆ. ಶಿಕಾಗೋದವರು ಐ-94 ಹಿಡಿದು ಸರೋವರವನ್ನು ಸುತ್ತಿ ವಾರೆನ್ ಡ್ಯೂನ್ಸ್‌ಗೆ ಬರುತ್ತಾರೆ. ಈ ದಡದಲ್ಲಿ ನೀರು ಪಶ್ಚಿಮಕ್ಕಿದೆ. ಸೂರ್ಯ ನೀರಿನಲ್ಲಿ ಮುಳುಗುವುದನ್ನು ನೋಡಬೇಕೆಂದು ಎಲ್ಲರೂ ಆನಿಂಗನ್ನು ಪಶ್ಚಿಮಕ್ಕೇ ಬಿಚ್ಚುತ್ತಾರೆ. ಜೂನ್ ಕೊನೆಯಲ್ಲಿ ಅಲ್ಲಿ ಸಂಜೆ 6 ಗಂಟೆಗೆ ಸೂರ್ಯ ಸುಮಾರು 35 ಡಿಗ್ರಿ ಎತ್ತರದಲ್ಲಿರುತ್ತಾನೆ. ಆರೂವರೆ ಅಡಿ ಎತ್ತರದಲ್ಲಿರುವ ಆನಿಂಗಿನ ಅಂಚಿನ ನೆರಳು ಆಗ 9 ಅಡಿಗೂ ಹೆಚ್ಚು ಹಿಂದಕ್ಕೆ ಬೀಳುತ್ತದೆ. ಆನಿಂಗ್ ಚಾಚಿರುವುದೇ 8 ಅಡಿ. ಅಂದರೆ ನೆರಳೆಲ್ಲ ವ್ಯಾನಿನ ಮೈಮೇಲೆ, ಬಿಸಿಲೆಲ್ಲ ಅಜ್ಜಿಯ ಮುಖಕ್ಕೆ. ಜೊತೆಗೆ ಮಧ್ಯಾಹ್ನದ ಮೇಲೆ ಸರೋವರದ ಗಾಳಿ ಆ ಕಡೆಯಿಂದಲೇ ಬೀಸಿ ಬಟ್ಟೆಯ ಅಡಿಗೆ ನುಗ್ಗುತ್ತದೆ.

ವ್ಯಾನನ್ನು ತಿರುಗಿಸಿ ಆನಿಂಗನ್ನು ಪೂರ್ವಕ್ಕೆ ಬಿಚ್ಚಿದರೆ? 9 ಅಡಿ ಎತ್ತರದ ವ್ಯಾನೇ ಆ ಹೊತ್ತಿಗೆ ಸುಮಾರು 13 ಅಡಿ ನೆರಳು ಕೊಡುತ್ತದೆ, ಗಾಳಿಗೂ ಗೋಡೆಯಾಗುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಎದ್ದು ದಡಕ್ಕೆ ನಡೆದರಾಯಿತು.

ಇಲಿನಾಯ್ ದಡದಲ್ಲಿ, ಉದಾಹರಣೆಗೆ ಝಯಾನ್ ಊರಿನ ಇಲಿನಾಯ್ ಬೀಚ್ ಪಾರ್ಕಿನಲ್ಲಿ, ನೀರು ಪೂರ್ವಕ್ಕಿದೆ. ಅಲ್ಲಿ ಸಂಜೆಯ ನೆರಳು ಸರೋವರದ ಕಡೆಗೇ ಬೀಳುತ್ತದೆ. ಆದರೆ ಸರೋವರದ ಗಾಳಿಯೂ ಆ ಕಡೆಯಿಂದಲೇ ಬರುತ್ತದೆ. ಗಾಳಿ ಜೋರಾಗಿರುವ ದಿನ ಅಲ್ಲಿ ವ್ಯಾನಿನ ನೆರಳೇ ಸಾಕು, ಆನಿಂಗ್ ಬಿಚ್ಚುವ ಅಗತ್ಯ ಇಲ್ಲ. ಯಾವ ದಡವಾದರೂ ಸರಿ, ವ್ಯಾನ್ ಚಿಕ್ಕದಾಗಿರುವುದರಿಂದ ಜಾಗಕ್ಕೆ ಹಿಮ್ಮುಖವಾಗಿ ಬರುವ ಬದಲು ನೇರವಾಗಿ ನುಗ್ಗಿಸಿದರೆ ಆನಿಂಗ್ ಇನ್ನೊಂದು ಕಡೆಗೆ ತಿರುಗುತ್ತದೆ. ಆಗ ಕರೆಂಟಿನ ಕಂಬ ದೂರವಾಗಬಹುದು, ಉದ್ದದ ತಂತಿ ಇಟ್ಟುಕೊಳ್ಳಿ.

ಈಗ ಆಯ್ಕೆಗೆ ಬರೋಣ. ಮುಖ್ಯವಾಗಿ ಮೂರು ಬಗೆ. ಮೊದಲನೆಯದು ವ್ಯಾನಿನ ಮೇಲಂಚಿಗೆ ಖಾಯಂ ಆಗಿ ಕೂರಿಸುವ ಪೆಟ್ಟಿಗೆಯದು. ಇಟಲಿಯ ಫಿಯಾಮ್ಮ, ಸ್ವೀಡನ್ನಿನ ಥೂಲಿ ಕಂಪನಿಗಳದು ಇಲ್ಲಿ ಹೆಚ್ಚು ಕಾಣುತ್ತವೆ. ಹಿಡಿಕೆ ತಿರುಗಿಸಿದರೆ ಬಟ್ಟೆ ಹೊರಬರುತ್ತದೆ, ಕಾಲುಗಳು ಅದರೊಳಗೇ ಮಡಚಿಕೊಂಡಿರುತ್ತವೆ. 10 ಅಡಿಯದು 50ರಿಂದ 70 ಪೌಂಡ್ ತೂಗುತ್ತದೆ. ಬ್ರಾಕೆಟ್ ಸೇರಿದರೆ ಸಾವಿರ ಡಾಲರ್ ದಾಟುವುದು ಸಾಮಾನ್ಯ. ಎರಡನೆಯದು ಚೀಲದಲ್ಲಿ ಸುತ್ತಿಟ್ಟು, ಮೇಲಿನ ರ್‍ಯಾಕಿಗೆ ಬಿಗಿಯುವಂಥದ್ದು. ಬೆಲೆ ಕಡಿಮೆ, ಬಿಚ್ಚಿ ಕಟ್ಟುವ ಕೆಲಸ ಹೆಚ್ಚು. ಮೂರನೆಯದು ಬರೀ ಟಾರ್ಪಾಲು, ಎರಡು ಕೋಲು, ನಾಲ್ಕು ಹಗ್ಗ. ನೂರು ಡಾಲರಿನೊಳಗೆ ಮುಗಿಯುತ್ತದೆ.

ವರ್ಷಕ್ಕೆ ಮೂರು ನಾಲ್ಕು ವಾರಾಂತ್ಯ ಮಾತ್ರ ಹೋಗುವವರಿಗೆ ಟಾರ್ಪಾಲು ಸಾಕು. ಒಂದು ಬೇಸಿಗೆ ಅದರಲ್ಲಿ ಕಳೆದರೆ, ನಿಮಗೆ ಎಷ್ಟು ನೆರಳು ಬೇಕು, ಯಾವ ಕಡೆ ಬೇಕು ಎಂದು ತಾನಾಗಿ ಗೊತ್ತಾಗುತ್ತದೆ. ತಿಂಗಳಿಗೆರಡು ಸಲ ಹೊರಡುವವರಿಗೆ ಪೆಟ್ಟಿಗೆಯದು ಒಳ್ಳೆಯದು, ಯಾಕೆಂದರೆ ಎರಡು ನಿಮಿಷದಲ್ಲಿ ಸುತ್ತಬಹುದು. ಸುತ್ತಲು ಸುಲಭವಾಗಿದ್ದರೆ ತಾನೆ ಸಮಯಕ್ಕೆ ಸರಿಯಾಗಿ ಸುತ್ತುವ ಮನಸ್ಸು ಬರುವುದು!

ಕೊಳ್ಳುವ ಮೊದಲು ಅಳತೆ ತೆಗೆಯಿರಿ. ಅಮೆರಿಕದ ವ್ಯಾನುಗಳಲ್ಲಿ ಜಾರುವ ಬಾಗಿಲು ಬಲಗಡೆ ಇರುತ್ತದೆ, ಆದ್ದರಿಂದ ಆನಿಂಗೂ ಬಲಕ್ಕೆ. ಜಪಾನಿನಿಂದ ತರಿಸಿದ ಹಳೆಯ ಮಿತ್ಸುಬಿಷಿ ಡೆಲಿಕಾದಂಥ ವ್ಯಾನಿನಲ್ಲಿ ಬಾಗಿಲು ಎಡಕ್ಕಿರುತ್ತದೆ. ಬಾಗಿಲು ಪೂರ್ತಿ ಜಾರಿದಾಗ ಆನಿಂಗಿಗಾಗಲಿ ಅದರ ಕಾಲಿಗಾಗಲಿ ತಾಗಬಾರದು. ಬ್ರಾಕೆಟ್ ನಿಮ್ಮ ವ್ಯಾನಿನ ಮಾದರಿಗೆ, ಅದರ ಎತ್ತರಕ್ಕೆ ಮಾಡಿದ್ದೇ ಆಗಿರಬೇಕು. ಬರೀ ತೆಳು ತಗಡಿಗೆ ಬೋಲ್ಟ್ ಹಾಕಿದರೆ ತಗಡು ಹರಿಯುತ್ತದೆ. ಒಳಗಿನಿಂದ ದಪ್ಪ ಪಟ್ಟಿ ಕೊಟ್ಟು, ಕೊರೆದ ತೂತಿಗೆ ಬಣ್ಣ, ಸೀಲೆಂಟ್ ಹಚ್ಚಬೇಕು. ಇಲ್ಲದಿದ್ದರೆ ನಮ್ಮ ಚಳಿಗಾಲದ ರಸ್ತೆ ಉಪ್ಪು ಅಲ್ಲಿಂದಲೇ ತುಕ್ಕು ಹಿಡಿಸುತ್ತದೆ. ಶಿಕಾಗೋ, ಡೆಟ್ರಾಯಿಟ್‌ಗಳ ನಡುವೆ ಇಂಡಿಯಾನಾದ ಎಲ್ಕ್‌ಹಾರ್ಟ್ ಇದೆ. ಅದು ಅಮೆರಿಕದ ಆರ್‌ವಿ ಉದ್ಯಮದ ತವರು. ಆ ಕಡೆ ಹೋದಾಗ ನಾಲ್ಕು ಬಗೆಯ ಆನಿಂಗನ್ನು ಕಣ್ಣಾರೆ ನೋಡಿ, ಕೈಯಾರೆ ತಿರುಗಿಸಿ ನೋಡಿದರೆ ಒಳ್ಳೆಯದು. ಬಾಡಿಗೆ ವ್ಯಾನಾದರೆ ಒಪ್ಪಂದ ಓದಿ. ಆನಿಂಗಿಗೆ ಆದ ಹಾನಿಯನ್ನು ವಿಮೆಯಿಂದ ಹೊರಗಿಡುವವರಿದ್ದಾರೆ.

ಬಿಚ್ಚುವಾಗ ಇಬ್ಬರಿರಿ. ಎರಡು ಮೂರು ಅಡಿ ಹೊರಬಂದ ಮೇಲೆ ನಿಲ್ಲಿಸಿ ಕಾಲುಗಳನ್ನು ಇಳಿಸಿ, ಆಮೇಲೆ ಉಳಿದದ್ದನ್ನು ಬಿಚ್ಚಿ. ಮುಗಿದ ಮೇಲೆ ಒಂದು ಕಾಲನ್ನು ಇನ್ನೊಂದಕ್ಕಿಂತ ತಗ್ಗಿಸಿ. ಸಣ್ಣ ಮಳೆ ಬಂದರೆ ನೀರು ಆ ಮೂಲೆಯಿಂದ ಇಳಿದುಹೋಗುತ್ತದೆ. ಇಳಿಜಾರಿಲ್ಲದಿದ್ದರೆ ಬಟ್ಟೆ ಜೋತುಬಿದ್ದು ನೀರು ನಿಲ್ಲುತ್ತದೆ. 4 ಅಡಿ ಉದ್ದ, 4 ಅಡಿ ಅಗಲದ ಜಾಗದಲ್ಲಿ ಒಂದೇ ಇಂಚು ನೀರು ನಿಂತರೂ 83 ಪೌಂಡ್ ಭಾರ. ಕಾಲುಗಳನ್ನು ಗೂಟ ಹೊಡೆದು ಬಿಗಿಯಿರಿ. ಸರೋವರದ ದಡದ ಮರಳಿನಲ್ಲಿ ಸಣ್ಣ ಗೂಟ ನಿಲ್ಲುವುದಿಲ್ಲ. ಅಲ್ಲಿ ಗಟ್ಟಿ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದಡಿಗೂ ಹೆಚ್ಚು ಆಳಕ್ಕೆ ಹೂತರೆ ಹಿಡಿತ ಸಿಗುತ್ತದೆ. ಮರಕ್ಕೆ ಹಗ್ಗ ಕಟ್ಟಬಹುದೇ ಎಂದು ಪಾರ್ಕಿನ ನಿಯಮ ನೋಡಿಕೊಳ್ಳಿ.

ಅಡುಗೆಯ ವಿಷಯ ನಮ್ಮವರಿಗೆ ಬೇರೆಯಾಗಿಯೇ ಹೇಳಬೇಕು. ಒಲೆ ಆನಿಂಗಿನ ಕೆಳಗೆ ಬೇಡ. ಒಗ್ಗರಣೆಯ ಎಣ್ಣೆಹೊಗೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ, ಕಿಡಿ ಬಿದ್ದರೆ ತೂತು. ಪಕ್ಕಕ್ಕೆ ಪರದೆ ಕಟ್ಟಿ ಒಳಗೆ ಇದ್ದಿಲಿನ ಗ್ರಿಲ್ಲಾಗಲಿ ಗ್ಯಾಸ್ ಒಲೆಯಾಗಲಿ ಉರಿಸುವುದಂತೂ ಜೀವಕ್ಕೇ ಅಪಾಯ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಒಲೆಯನ್ನು ಬಯಲಿನಲ್ಲಿ, ಗಾಳಿ ವ್ಯಾನಿನಿಂದ ಆಚೆಗೆ ಬೀಸುವ ಕಡೆ ಇಡಿ.

ಒದ್ದೆ ಬಟ್ಟೆಯನ್ನು ಸುತ್ತಬೇಕಾಗಿ ಬಂದರೆ ಸುತ್ತಿ, ತಪ್ಪೇನಿಲ್ಲ. ಆದರೆ ಮನೆಗೆ ಬಂದ ಮಾರನೆಯ ದಿನವೇ ಬಿಚ್ಚಿ ಒಣಗಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಕೊನೆಯದಾಗಿ, ಕ್ಯಾಂಪಿನಿಂದ ಹೊರಡುವ ಮುನ್ನ ವ್ಯಾನಿಗೆ ಒಂದು ಪ್ರದಕ್ಷಿಣೆ ಹಾಕಿ: ಆನಿಂಗ್ ಪೂರ್ತಿ ಮುಚ್ಚಿದೆಯೇ, ಹಿಡಿಕೆ ತೆಗೆದಿದೆಯೇ, ಗೂಟ ಹಗ್ಗ ಎಲ್ಲ ಒಳಗೆ ಬಂದಿವೆಯೇ? ಆ ಪ್ರದಕ್ಷಿಣೆಯನ್ನು ಚಾಲಕರೇ ಹಾಕಬೇಕು. ‘ಬೇರೆ ಯಾರೋ ನೋಡಿದ್ದಾರೆ’ ಅಂದುಕೊಂಡು ಗಾಡಿ ಎತ್ತಬೇಡಿ. ಪ್ರಯಾಣ ಸುಖವಾಗಿರಲಿ.