ಲಾವಂಚದ ಸೆಂಟ್, ‘ಕೂಲ್’ ಗಂಡಸು ಮತ್ತು ಅವನ ಹೃದಯ



ಕಳೆದ ಏಪ್ರಿಲ್‌ನ ಒಂದು ಸಂಜೆ ಪುಣೆಯ ನಮ್ಮ ತುರ್ತು ವಿಭಾಗಕ್ಕೆ ಹುಬ್ಬಳ್ಳಿ ಕಡೆಯವರೊಬ್ಬರು ಬಂದರು. ವಯಸ್ಸು 52. ಇಸಿಜಿಗೆಂದು ಅಂಗಿ ಬಿಚ್ಚಿಸಿದಾಗ ಘಮ್ಮನೆ ಲಾವಂಚದ ಪರಿಮಳ ಬಂತು. ಮಗಳು ಹುಟ್ಟುಹಬ್ಬಕ್ಕೆ ಕೊಡಿಸಿದ ಸೆಂಟ್ ಅಂತೆ. ಬೆಳಿಗ್ಗೆ ಒಂಬತ್ತಕ್ಕೇ ಅವರಿಗೆ ಎದೆ ಭಾರವಾಗಿ ಮೈಯೆಲ್ಲ ಬೆವರಿತ್ತು. ‘ಬೇಸಿಗೆ ಸೆಕೆ’ ಅಂದುಕೊಂಡು ಇನ್ನೊಮ್ಮೆ ಸ್ನಾನ ಮಾಡಿ, ಸೆಂಟ್ ಹಾಕಿಕೊಂಡು ಆಫೀಸಿಗೆ ಹೋಗಿದ್ದರು.

ಇಸಿಜಿಯಲ್ಲಿ ಹಾರ್ಟ್ ಅಟ್ಯಾಕ್ ಸ್ಪಷ್ಟವಾಗಿತ್ತು. ಬಿಪಿ 170/104. ಅವರ ಹೆಂಡತಿ ನಂಬಲೇ ಇಲ್ಲ. “ಇವರಿಗೆ ಸಿಟ್ಟಂದ್ರ ಏನಂತ ಗೊತ್ತಿಲ್ರೀ ಡಾಕ್ಟ್ರ. ಇಷ್ಟು ತಣ್ಣಗಿರೋ ಮನುಷ್ಯಾಗ ಬಿಪಿ ಹೆಂಗ ಬರ್ತದ್ರೀ?”

ಈ ಪ್ರಶ್ನೆಗೆ ಉತ್ತರವೇ ಇವತ್ತಿನ ಲೇಖನ.

*ನಮ್ಮದೇ ಬೇರು*

ಲಾವಂಚ ಒಂದು ಹುಲ್ಲು. ಪರಿಮಳ ಇರುವುದು ಅದರ ಬೇರಿನಲ್ಲಿ. ದೆಹಲಿಯವರಿಗೆ ಅದು ಖಸ್, ಚೆನ್ನೈನವರಿಗೆ ವೆಟ್ಟಿವೇರ್. ಈ ತಮಿಳು ಹೆಸರೇ ಫ್ರಾನ್ಸ್‌ಗೆ ಹೋಗಿ ‘ವೆಟಿವರ್’ ಆಯಿತು. ಗೆರ್ಲೇನ್, ಕಾರ್ವೆನ್‌ನಂಥ ಕಂಪನಿಗಳು ಗಂಡಸರಿಗಾಗಿ ಮಾಡಿದ ಹೆಸರಾಂತ ಸೆಂಟ್‌ಗಳಿಗೂ ಅದೇ ಹೆಸರು. ನಮ್ಮಜ್ಜಿ ಬೇಸಿಗೆಯಲ್ಲಿ ನೀರಿನ ಹೂಜಿಗೆ ಹಾಕುತ್ತಿದ್ದ ಬೇರೂ ಇದೇ.

ಹಾಕಿಕೊಂಡ ಕೂಡಲೇ ನಿಂಬೆ ಜಾತಿಯ ಹಣ್ಣಿನ ಸಿಪ್ಪೆ, ಕತ್ತರಿಸಿದ ಹುಲ್ಲಿನ ಹಸಿರು ವಾಸನೆ ಬರುತ್ತದೆ. ಅದು ಬೇಗ ಹಾರಿಹೋಗುತ್ತದೆ. ಆಮೇಲೆ ಉಳಿಯುವುದು ಮರದ, ಒದ್ದೆ ಮಣ್ಣಿನ ವಾಸನೆ. ವಾಸನೆಯ ನರಗಳಿಗೆ ಮೆದುಳಿನಲ್ಲಿ ಭಾವನೆ ಮತ್ತು ನೆನಪಿನ ಭಾಗಗಳ ಜೊತೆ ನೇರ ಸಂಪರ್ಕವಿದೆ. ಮುಂಬೈ ಲೋಕಲ್‌ನಲ್ಲಿ ನಿಂತಿದ್ದರೂ ಒಂದು ಕ್ಷಣ ಅಜ್ಜಿಮನೆ ನೆನಪಾಗುವುದು ಅದಕ್ಕೇ. ಮನಸ್ಸಿಗೆ ಹಿತ, ಧಾರಾಳವಾಗಿ ಹಾಕಿಕೊಳ್ಳಿ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಮಾತ್ರ ಕಡಿಮೆ ಬಳಸಿ.

*ತಣ್ಣಗಿನ ಸ್ವಭಾವ, ತಣ್ಣಗಿನ ಹೃದಯವೇ?*

ಇಂಥ ಸೆಂಟ್ ಹಾಕುವವನು ಶಾಂತ, ಮಿತಭಾಷಿ, ಯಾವುದಕ್ಕೂ ಗಾಬರಿಯಾಗದವನು ಎಂದು ಜಾಹೀರಾತು ಹೇಳುತ್ತದೆ. ಸ್ವಭಾವ ನೋಡಿ ಹೃದಯ ಅಳೆಯುವ ಕೆಲಸವನ್ನು ನಮ್ಮ ವೃತ್ತಿಯವರೂ ಮಾಡಿದ್ದಾರೆ. 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೃದ್ರೋಗ ತಜ್ಞರಾದ ಫ್ರೀಡ್‌ಮನ್ ಮತ್ತು ರೋಸೆನ್‌ಮನ್ ಎಂಬುವರು, ಸದಾ ಆತುರಪಡುವ, ಪೈಪೋಟಿಗೆ ಬೀಳುವ ಜನರಿಗೆ ‘ಟೈಪ್ ಎ’ ಎಂದು ಹೆಸರಿಟ್ಟು, ಅವರಿಗೆ ಹೃದಯಾಘಾತ ಹೆಚ್ಚು ಎಂದರು. ಅವರ ಕ್ಲಿನಿಕ್‌ನ ಕುರ್ಚಿಗಳು ಮುಂದಿನ ಅಂಚಿನಲ್ಲೇ ಸವೆದಿದ್ದವು, ರೋಗಿಗಳು ತುದಿಯಲ್ಲೇ ಕೂರುತ್ತಿದ್ದರು ಎಂಬ ಕಥೆಯೂ ಪ್ರಸಿದ್ಧ.

ಆದರೆ ಮುಂದಿನ ಅನೇಕ ಅಧ್ಯಯನಗಳಲ್ಲಿ ಆ ಸಂಬಂಧ ನಿಲ್ಲಲಿಲ್ಲ. ವಿಪರೀತ ಕೋಪ, ಹಗೆತನ ಹೃದಯಕ್ಕೆ ಒಳ್ಳೆಯದಲ್ಲ, ನಿಜ. ಹಾಗೆಂದು ಶಾಂತ ಸ್ವಭಾವ ರಕ್ಷಾಕವಚವಲ್ಲ. ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಬೀಡಿ ಸಿಗರೇಟು, ಮನೆತನದಲ್ಲಿ ಬಂದ ರೋಗ, ಇವು ಯಾವುವೂ ನಿಮ್ಮ ಸ್ವಭಾವ ಕೇಳಿಕೊಂಡು ಬರುವುದಿಲ್ಲ.

*ಮೂಗು ಕಲಿಸುವ ಪಾಠ*

ಸೆಂಟ್ ಹಾಕಿಕೊಂಡ ಸ್ವಲ್ಪ ಹೊತ್ತಿಗೆ ಅದರ ವಾಸನೆ ನಮಗೇ ಗೊತ್ತಾಗುವುದಿಲ್ಲ. ಪಕ್ಕದವರಿಗೆ ಬರುತ್ತಲೇ ಇರುತ್ತದೆ. ಮೂಗು ಒಗ್ಗಿಹೋಗಿರುತ್ತದೆ. ಬಿಪಿ ಕೂಡ ಹೀಗೇ. ನಿಧಾನವಾಗಿ ಏರಿದ ಬಿಪಿಗೆ ದೇಹ ಒಗ್ಗಿಕೊಳ್ಳುತ್ತದೆ. ತಲೆನೋವಿಲ್ಲ, ಸಿಟ್ಟಿಲ್ಲ, ಸುಸ್ತಿಲ್ಲ. ಅಳೆದರೆ ಮಾತ್ರ ಗೊತ್ತಾಗುತ್ತದೆ.

*ಎರಡು ಬಗೆಯ ಬೆವರು*

ಸೆಕೆಯ ಬೆವರು ಮೈ ತಂಪು ಮಾಡಲು ಬರುತ್ತದೆ. ಮೈ ಬಿಸಿಯಾಗಿರುತ್ತದೆ; ನೆರಳಿಗೆ ಬಂದು ನೀರು ಕುಡಿದರೆ ಇಳಿಯುತ್ತದೆ. ಹೃದಯಾಘಾತದ ಬೆವರು ಬೇರೆ. ಹೃದಯದ ಸ್ನಾಯುವಿಗೆ ರಕ್ತ ನಿಂತಾಗ ದೇಹ ಗಾಬರಿಯಾಗಿ ಅಡ್ರಿನಲಿನ್ ಸುರಿಸುತ್ತದೆ. ಆಗ ಚರ್ಮ ತಣ್ಣಗೆ, ಬಿಳಚಿಕೊಂಡು, ಫ್ಯಾನಿನ ಕೆಳಗೂ, ಏಸಿಯಲ್ಲೂ ಬೆವರು ಹರಿಯುತ್ತದೆ. ಜೊತೆಗೆ ಎದೆ ಭಾರ, ದವಡೆ ಅಥವಾ ಕೈ ನೋವು, ಉಸಿರಾಟದ ಕಷ್ಟ, ವಾಂತಿ ಬಂದಂತೆ ಆಗಬಹುದು. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಬೆವರು, ಸುಸ್ತು, ಏದುಸಿರು ಇರಬಹುದು.

*ದಯವಿಟ್ಟು ಇಷ್ಟು ಮಾಡಿ*

1. ತಣ್ಣನೆ ಬೆವರಿನ ಜೊತೆ ಎದೆ ಭಾರವೋ ಏದುಸಿರೋ ಇದ್ದರೆ ಸ್ನಾನ ಬೇಡ, ಗ್ಯಾಸ್ ಮಾತ್ರೆ ನುಂಗಿ ಕಾಯುವುದೂ ಬೇಡ. 112ಕ್ಕೆ ಕರೆ ಮಾಡಿ. ತಡಮಾಡದೆ ಇಸಿಜಿ ಆಗಬೇಕು. ಸ್ವತಃ ಗಾಡಿ ಓಡಿಸಬೇಡಿ.

2. 30 ದಾಟಿದ ಗಂಡಸರು ವರ್ಷಕ್ಕೊಮ್ಮೆಯಾದರೂ ಬಿಪಿ ನೋಡಿಸಿ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಮಟ್ಟದಲ್ಲಿಟ್ಟು ಅಳೆಯಿರಿ. ಮತ್ತೆ ಮತ್ತೆ 140/90 ಅಥವಾ ಹೆಚ್ಚು ಬಂದರೆ ವೈದ್ಯರನ್ನು ಕಾಣಿ.

3. “ಊರಿಗೆ ಹೋದಾಗ ನಮ್ಮ ಡಾಕ್ಟರಿಗೇ ತೋರಿಸ್ತೀನಿ” ಎಂದು ಮುಂದೂಡಬೇಡಿ. ಇರುವ ಊರಿನಲ್ಲೇ ಒಬ್ಬ ವೈದ್ಯರನ್ನು ಗೊತ್ತುಮಾಡಿಕೊಳ್ಳಿ.

4. ಹಿಂದಿ, ಮರಾಠಿ, ತಮಿಳು, ತೆಲುಗು ಬಾರದ ಅಪ್ಪ ಅಮ್ಮ ಮನೆಯಲ್ಲಿದ್ದರೆ, ಸ್ಥಳೀಯ ಭಾಷೆ ಬಲ್ಲ ಪಕ್ಕದ ಮನೆಯವರ ನಂಬರ್ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ.

5. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಬೇಸಿಗೆಯಲ್ಲಿ ತಲೆ ಸುತ್ತಿದರೆ ಮಾತ್ರೆ ತಾವೇ ನಿಲ್ಲಿಸಬಾರದು, ವೈದ್ಯರಿಗೆ ಹೇಳಿ.

ನಮ್ಮ ಹುಬ್ಬಳ್ಳಿಯವರು ಉಳಿದರು. ಆದರೆ ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ರಕ್ತವಿಲ್ಲದೆ ಸತ್ತ ಸ್ನಾಯು ಮರಳಿ ಬರಲಿಲ್ಲ. ಈಗ ಎರಡನೇ ಮಹಡಿ ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಮೊನ್ನೆ ತಪಾಸಣೆಗೆ ಬಂದಾಗಲೂ ಅದೇ ಲಾವಂಚದ ಪರಿಮಳ. “ಹಾಕ್ಕೋಬಹುದಲ್ರೀ ಡಾಕ್ಟ್ರ?” ಎಂದು ಕೇಳಿದರು. “ಹಾಕ್ಕೊಳ್ರಿ, ಬಿಪಿ ನೋಡ್ಕೊಂಡು” ಅಂದೆ.

ನಿಮ್ಮ ಮನೆಯ ‘ಕೂಲ್’ ಗಂಡಸಿಗೆ ಇದನ್ನು ಇವತ್ತೇ ಕಳಿಸಿ. 🌿

– ನಿಮ್ಮ ಹೃದ್ರೋಗ ತಜ್ಞ