ತಾಳವಾಡಿ ಫಿರ್ಕಾ: ಘಟ್ಟದ ಮೇಲಿನ ಕನ್ನಡ ಸೀಮೆ

ಚಾಮರಾಜನಗರದಿಂದ ಸತ್ಯಮಂಗಲದ ದಾರಿ ಹಿಡಿದರೆ, ಪುಣಜನೂರು ಚೆಕ್‌ಪೋಸ್ಟ್ ದಾಟಿದ ಮೇಲೆ ಕಾಡಿನ ನಡುವೆ ಸಿಗುವ ಊರು ತಾಳವಾಡಿ ಫಿರ್ಕಾದ ಹಾಸನೂರು. ಮನೆಮಾತು ಕನ್ನಡ, ಕಂದಾಯ ತಮಿಳುನಾಡಿಗೆ. ಗಡಿಯ ಈಚೆ ಹೋಬಳಿ, ಆಚೆ ಫಿರ್ಕಾ. ಎರಡೂ ಹಳ್ಳಿಗಿಂತ ದೊಡ್ಡವು, ತಾಲ್ಲೂಕಿಗಿಂತ ಚಿಕ್ಕವು. ಈಚೆ ಜಮೀನಿರುವ ಅಣ್ಣ ಪಹಣಿ ತೆಗೆಸಿದರೆ, ಆಚೆ ಜಮೀನಿರುವ ತಮ್ಮ ಚಿಟ್ಟಾ, ಅಡಂಗಲ್ ಹಿಡಿದು ಓಡಾಡಬೇಕು. ಬೆಳೆಯುವುದು ಇಬ್ಬರೂ ಅದೇ ರಾಗಿ.

ಟಿಪ್ಪು ಮಡಿದ 1799ರಲ್ಲಿ ಕೊಯಮತ್ತೂರು ಸೀಮೆ ಮೈಸೂರಿನ ಕೈತಪ್ಪಿ ಕಂಪನಿಯ ಪಾಲಾಯಿತು. ಅದೇ ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರಂದು ಮೈಸೂರಿಗೆ ಮರಳಿತು, ತಾಳವಾಡಿ ಮರಳಲಿಲ್ಲ. ಡಾ. ರಾಜ್‌ಕುಮಾರ್ ಅವರ ಗಾಜನೂರೂ ಅಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರನ್ನು ಒಡೆದು ಪೆರಿಯಾರ್ ಜಿಲ್ಲೆ ಮಾಡಿದರು, ಅದೇ ಇಂದಿನ ಈರೋಡು. ಬಹುಕಾಲ ತಾಳವಾಡಿಯ ರೈತ ಒಂದು ತಾಲ್ಲೂಕು ಕಚೇರಿಯ ಕೆಲಸಕ್ಕೂ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋಗಬೇಕಿತ್ತು. ಈಚೆಗೆ ತಾಳವಾಡಿಯೇ ತಾಲ್ಲೂಕಾಗಿದೆ. ತೀರ ತಡವಾಗಿ ಸಂದ ನ್ಯಾಯವಿದು.

ನೆಲವನ್ನು ಹೀಗೆ ವಿಂಗಡಿಸುವುದು ನಮಗೆ ಹೊಸದಲ್ಲ. ಗಂಗವಾಡಿ 96,000, ಬನವಾಸಿ 12,000 ಎಂದು ಶಾಸನಗಳು ನಾಡನ್ನು ಸಂಖ್ಯೆಯಿಂದಲೇ ಕರೆಯುತ್ತವೆ. ಆ ಸಂಖ್ಯೆ ಊರಿನ ಲೆಕ್ಕವೋ ಆದಾಯದ್ದೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಇಂಗ್ಲೆಂಡಿನ ಕೌಂಟಿಗಳಲ್ಲೂ ‘ಹಂಡ್ರೆಡ್’ ಎಂಬ ವಿಭಾಗಗಳಿದ್ದವು. ಅವುಗಳ ವ್ಯಾಪ್ತಿಯಲ್ಲಿ ಚರ್ಚಿನ ಸುತ್ತ ಬೆಳೆದ ಪ್ಯಾರಿಷ್‌ಗಳು. 1086ರ ಡೂಮ್ಸ್‌ಡೇ ದಾಖಲೆ ಅನೇಕ ಹಂಡ್ರೆಡ್‌ಗಳನ್ನು ಹೆಸರಿಸುತ್ತದೆ. ಆಡಳಿತದಲ್ಲಿ ಅವುಗಳಿಗೆ ಈಗ ಕೆಲಸವಿಲ್ಲ. ಆದರೂ ಯಾವ ಪ್ಯಾರಿಷ್ ಯಾವ ಹಂಡ್ರೆಡ್‌ಗೆ ಸೇರಿತ್ತು ಎಂಬುದನ್ನು ಅಲ್ಲಿನ ಸ್ಥಳೀಯ ಇತಿಹಾಸಕಾರರು ಕೌಂಟಿವಾರು ಬರೆದಿಟ್ಟಿದ್ದಾರೆ.

ಹಾಸನೂರು, ತಲಮಲೆ, ತಾಳವಾಡಿಗಳಿಗೂ ಅಂಥ ಪುಸ್ತಕ ಬೇಕು, ಅದು ಕನ್ನಡದಲ್ಲೇ ಬೇಕು. ಹಳ್ಳಿಯ ಎಲ್ಲೆಕಲ್ಲು ಎಲ್ಲಿದೆ, ಯಾವ ಹಳ್ಳದಿಂದ ಯಾವ ಗುಡ್ಡದವರೆಗೆ ಯಾರ ಸರಹದ್ದು ಎಂಬುದು ಶಾನುಭೋಗರಿಗೆ ಬಾಯಿಪಾಠವಾಗಿತ್ತು. 1980ರಲ್ಲಿ ತಮಿಳುನಾಡು ಸರ್ಕಾರ ಆ ಹುದ್ದೆಯನ್ನು ತೆಗೆದು ಗ್ರಾಮ ಆಡಳಿತಾಧಿಕಾರಿಯನ್ನು ನೇಮಿಸಿತು. ಸುಧಾರಣೆ ಸರಿಯೇ. ಆದರೆ ವರ್ಗವಾಗಿ ಬರುವ ಅಧಿಕಾರಿಗೆ ಆ ತಿಳಿವಳಿಕೆ ಕಾಗದದಲ್ಲಿ ಸಿಗದು. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕಂದಾಯದ ರಸೀದಿ, ಕಡತ, ನಕ್ಷೆಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ; ಊರಿನ ಹಿರಿಯರನ್ನು ಕೂರಿಸಿಕೊಂಡು ಎಲ್ಲೆಗಳ ಹೆಸರು ಬರೆದಿಡಿ.